ಎರಡನೇ ಕ್ಲಾಸಿನ ಹುಡುಗನಿಗೆ "ಮೂರು ದಿನ ಕಳಿಸಬೇಡಿ" ಅಂದರು, ಎಂತ ಮಾಡುವುದು?

ಅಡಿಕೆ ಸೋಗೆ (ಕೇರಳದ ಕಾಸರಗೋಡು ಜಿಲ್ಲೆ, ಪೆರ್ಲ ಕಡೆ)
ಜುಲೈ 3, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನೀವು ಬರೆದದ್ದನ್ನು ಓದಿ ಸುಮ್ಮನೆ ಹೋಗುತ್ತಿದ್ದವಳು ನಾನು. ಇವತ್ತು ಬರೆಯದೆ ನಿದ್ದೆ ಬರುವುದಿಲ್ಲ ಅನ್ನಿಸಿತು. ಶಾಲೆಯ ಹೆಸರು ಮಾತ್ರ ಕೇಳಬೇಡಿ. ಸರಕಾರಿ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆ, ಕನ್ನಡ ಮಾಧ್ಯಮ, ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ. ಅಷ್ಟು ಸಾಕು.

ಮಗನಿಗೆ ಏಳು ತುಂಬಲಿಕ್ಕೆ ಇನ್ನೂ ಎರಡು ತಿಂಗಳು ಉಂಟು. ಹೋದ ವರ್ಷ ಲೂಟಿ, ಅಂದರೆ ತುಂಟತನ, ಜಾಸ್ತಿ ಅಂತ ಒಂದೆರಡು ಸಲ ಟೀಚರು ಹೇಳಿದ್ದರು. ಮಕ್ಕಳು ಲೂಟಿ ಮಾಡದೆ ಮತ್ತೆಂತ ಅಂತ ನಾನೂ ನಕ್ಕಿದ್ದೆ. ಈ ವರ್ಷ ಜೂನ್‌ನಿಂದ ಹಾಗಲ್ಲ. ಹೊಡೆಯುತ್ತಾನೆ, ದೂಡುತ್ತಾನೆ, ಕಚ್ಚುತ್ತಾನೆ. ಸೋಮವಾರ ಒಂದು ಹುಡುಗಿಯ ಕೈಗೆ ಕಚ್ಚಿ ಹಲ್ಲಿನ ಗುರುತು ಬಂದಿದೆ. ಇವತ್ತು ಟೀಚರು ಹಿಡಿಯಲಿಕ್ಕೆ ಹೋದಾಗ ನೀರಿನ ಬಾಟಲಿ ಎಸೆದನಂತೆ, ಅವರ ಕನ್ನಡಕಕ್ಕೆ ತಾಗಿತಂತೆ.

ಮಧ್ಯಾಹ್ನ ಹೆಡ್ಮಾಷ್ಟ್ರು ಫೋನ್ ಮಾಡಿ ಕರಕೊಂಡು ಹೋಗಿ ಅಂದರು. ಹೋದೆ. "ಮೂರು ದಿನ ಕಳಿಸಬೇಡಿ, ಸ್ವಲ್ಪ ತಣ್ಣಗಾಗಲಿ" ಅಂದರು. ಬೈಯಲಿಲ್ಲ, ಸುಳ್ಳು ಹೇಳಬಾರದು. ಇದು ಸಸ್ಪೆನ್ಷನ್ನಾ ಅಂತ ಕೇಳಿದೆ, ಛೆ ಛೆ, ಅಷ್ಟು ದೊಡ್ಡ ಶಬ್ದ ಯಾಕೆ ಅಂದರು.

ನಾನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವವಳು. ಮೂರು ದಿನ ರಜೆ ಅಂದರೆ ಮೂರು ದಿನದ ಸಂಬಳ ಹೋಯಿತು. ಅತ್ತೆಗೆ ಗಂಟು ನೋವು, ಇವನ ಹಿಂದೆ ಓಡಲಿಕ್ಕೆ ಆಗುವುದಿಲ್ಲ. ಮಗ ಮಾತ್ರ ದಾರಿಯುದ್ದಕ್ಕೂ ಪದ್ಯ ಹೇಳಿಕೊಂಡು ಬಂದ. ನನಗೆ ಅದೇ ಹೆಚ್ಚು ಸಂಕಟ ಆದದ್ದು.

---

ಕುಂಬಳೆ ಕಡಲು
ಜುಲೈ 3, ರಾತ್ರಿ 10:58

ಟಿ.ಸಿ. ತೆಗೆದು ಯಾವುದಾದರೂ ಇಂಗ್ಲಿಷ್ ಮೀಡಿಯಂಗೆ ಹಾಕಿ ಅಕ್ಕ. ಅಲ್ಲಿ ಶಿಸ್ತು ಉಂಟು.

---

ಚಂದ್ರಗಿರಿ ದಂಡೆ
ಜುಲೈ 3, ರಾತ್ರಿ 11:05

ಅಲ್ಲಿ ಶಿಸ್ತು ಇರುವುದು ಇಂಥ ಮಕ್ಕಳನ್ನು ಬಾಗಿಲಲ್ಲೇ ತಡೆಯುವುದರಿಂದ. ನನ್ನ ತಂಗಿಯ ಮಗನಿಗೆ ಯು.ಕೆ.ಜಿ.ಯಲ್ಲೇ "ನಿಮ್ಮ ಮಗುವಿಗೆ ನಮ್ಮ ಶಾಲೆ ಹೊಂದುವುದಿಲ್ಲ" ಅಂತ ಸಿಹಿಯಾಗಿ ಹೇಳಿ ಕಳಿಸಿದರು. ಐದು ವರ್ಷದ ಮಗು! ಈಗ ಅವನು ಊರಿನ ಸರಕಾರಿ ಶಾಲೆಯಲ್ಲಿ ಚೆನ್ನಾಗಿಯೇ ಇದ್ದಾನೆ.

---

ನಾಗರಬೆತ್ತ
ಜುಲೈ 4, ಬೆಳಿಗ್ಗೆ 6:15

ನಮ್ಮ ಕಾಲದಲ್ಲಿ ಮಾಷ್ಟ್ರ ಕೈಯಲ್ಲಿ ಬೆತ್ತ ಇತ್ತು, ಯಾರೂ ಯಾರನ್ನೂ ಕಚ್ಚುತ್ತಿರಲಿಲ್ಲ. ಈಗ ಮುಟ್ಟಿದರೆ ಕೇಸು. ಮತ್ತೆ ಮನೆಗೆ ಕಳಿಸದೆ ಮಾಷ್ಟ್ರು ಎಂತ ಮಾಡಬೇಕು, ಆರತಿ ಎತ್ತಬೇಕಾ? ಎರಡು ಬಿಗಿದರೆ ನಾಳೆಯೇ ಸರಿ ಆಗ್ತಾನೆ.

---

ನಿವೃತ್ತ ಮಾಷ್ಟ್ರು
ಜುಲೈ 4, ಬೆಳಿಗ್ಗೆ 8:30

ನಾಗರಬೆತ್ತದವರೇ, ನಿಮ್ಮ ಕಾಲದಲ್ಲಿ ಬೆತ್ತ ಹಿಡಿದವರಲ್ಲಿ ನಾನೂ ಒಬ್ಬ. ಮೂವತ್ತೊಂದು ವರ್ಷ ಕನ್ನಡ ಎಲ್.ಪಿ. ಶಾಲೆಗಳಲ್ಲಿ ಇದ್ದೆ. ಆಗಲೂ ಕಚ್ಚುತ್ತಿದ್ದರು. ನಮ್ಮ ಎದುರು ಕಚ್ಚುತ್ತಿರಲಿಲ್ಲ, ಗೇರುಮರದ ಬುಡದಲ್ಲಿ ಕಚ್ಚುತ್ತಿದ್ದರು. ಪೆಟ್ಟು ತಿಂದ ಹುಡುಗ ತನಗಿಂತ ಚಿಕ್ಕವನಿಗೆ ಅದನ್ನು ದಾಟಿಸುತ್ತಿದ್ದ. ನಿವೃತ್ತನಾದ ಮೇಲೆ ಇದನ್ನು ಹೇಳಲಿಕ್ಕೆ ಧೈರ್ಯ ಬಂತು ಅನ್ನಿ.

ಇನ್ನು ತಂಗಿಯ ವಿಷಯ. ನಾನು ಸರ್ವಿಸಿನಲ್ಲಿ ಒಬ್ಬ ಮಗುವನ್ನೂ ಸಸ್ಪೆಂಡ್ ಮಾಡಿಲ್ಲ ಅಂತ ಎದೆ ತಟ್ಟಿ ಹೇಳಬಹುದು. ಆದರೆ "ಸ್ವಲ್ಪ ದಿನ ಮನೆಯಲ್ಲೇ ಇರಲಿ" ಅಂತ ಹೇಳಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಎರಡೂ ಒಂದೇ ಅಂತ ಆಗ ಅನ್ನಿಸಲಿಲ್ಲ. ಕಾಗದದಲ್ಲಿ ಇಲ್ಲದ್ದು ನಡೆದದ್ದೇ ಅಲ್ಲ ಎಂಬುದು ನಮ್ಮ ಇಲಾಖೆಯ ಹಳೇ ವೇದಾಂತ.

ಇನ್ನೊಂದು ಗುಟ್ಟು. ನಮ್ಮಲ್ಲಿ ಶಾಲೆ ಸುರುವಾಗಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಜನ್ ಉಳಿಯುವುದು, ಹುದ್ದೆ ಉಳಿಯುವುದು. ಕನ್ನಡ ಶಾಲೆಗಳಲ್ಲಿ ಒಂದೊಂದು ಮಗುವೂ ಒಂದೊಂದು ಪವನು ಇದ್ದ ಹಾಗೆ. ಆರನೇ ದಿನದ ತನಕ ಯಾವ ಹೆಡ್ಮಾಷ್ಟ್ರೂ ಯಾವ ಮಗುವನ್ನೂ "ಕಳಿಸಬೇಡಿ" ಅನ್ನುವುದಿಲ್ಲ. ನಂತರ ಕೆಲವರಿಗೆ ನಾಲಗೆ ಸಡಿಲ ಆಗುತ್ತದೆ.

ತಂಗಿ, ಮೂರು ಪ್ರಶ್ನೆ. ಬರೆದು ಕೊಟ್ಟಿದ್ದಾರಾ? ಯಾರು ನಿರ್ಧಾರ ಮಾಡಿದ್ದು, ಪಿ.ಟಿ.ಎ.ಗೆ (ಹೆತ್ತವರ ಮತ್ತು ಟೀಚರುಗಳ ಸಂಘಕ್ಕೆ) ಗೊತ್ತುಂಟಾ? ಮೂರನೆಯದು ಮುಖ್ಯ: ಹಾಜರಿ ಪುಸ್ತಕದಲ್ಲಿ ಈ ಮೂರು ದಿನ ಎಂತ ಬರೆಯುತ್ತಾರೆ, ಅದನ್ನು ನೋಡಿ.

---

ಹೊಸಂಗಡಿಯ ವಕೀಲ
ಜುಲೈ 4, ಬೆಳಿಗ್ಗೆ 9:50

ಮಾಷ್ಟ್ರು ಹೇಳಿದ್ದಕ್ಕೆ ಕಾನೂನಿನ ಬಾಲ ಜೋಡಿಸುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದವರಿಗೆ ಅನ್ವಯ. 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿ ಆಯಿತಲ್ಲ, ಅದು ಐದು ಮತ್ತು ಎಂಟರಲ್ಲಿ ಫೇಲು ಮಾಡುವುದಕ್ಕೆ ದಾರಿ ಕೊಟ್ಟಿತು ಅಷ್ಟೆ. ಹೊರಹಾಕಬಾರದು ಎಂಬುದು ಹಾಗೆಯೇ ಉಂಟು.

ಆದರೆ "ಸಸ್ಪೆಂಡ್" ಎಂಬ ಶಬ್ದ ಆ ಸೆಕ್ಷನ್ನಿನಲ್ಲಿ ಇಲ್ಲ. ಎಲ್ಲರೂ ನುಸುಳುವ ಕಂಡಿ ಅದು. 1959ರ ಕೇರಳ ಶಿಕ್ಷಣ ನಿಯಮಗಳ, ಅಂದರೆ ಕೆ.ಇ.ಆರ್.ನ, ಒಂಬತ್ತನೇ ಅಧ್ಯಾಯ ಶಿಸ್ತಿನದ್ದು, ಹೆಡ್ಮಾಷ್ಟ್ರಿಗೆ ಅಧಿಕಾರ ಕೊಟ್ಟದ್ದು ಅದರಲ್ಲಿ. ಆ ಭಾಷೆ ಓದಿದರೆ ಅದು ಪರೀಕ್ಷೆಯಲ್ಲಿ ನಕಲು ಮಾಡುವ, ಬೇಕೆಂದೇ ಎದುರಾಡುವ ದೊಡ್ಡ ಹುಡುಗರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅಂತ ಗೊತ್ತಾಗುತ್ತದೆ. ಆರು ವರ್ಷದ ಮಗು "ಉದ್ದೇಶಪೂರ್ವಕ ಅವಿಧೇಯತೆ" ಮಾಡಿತು ಅಂತ ಬರೆಯಲಿಕ್ಕೆ ಯಾರ ಪೆನ್ನು ಓಡುತ್ತದೆ? ಅದಕ್ಕೇ ಬಾಯಿಮಾತು.

ಶಿಕ್ಷಣ ಹಕ್ಕಿನ 8ನೇ ಸೆಕ್ಷನ್ನಿನಲ್ಲಿ ಸರಕಾರದ ಕರ್ತವ್ಯ ಸೇರಿಸಿಕೊಳ್ಳುವುದು ಮಾತ್ರ ಅಲ್ಲ, ಮಗುವಿನ ಹಾಜರಿಯನ್ನೂ ಖಚಿತಪಡಿಸುವುದು. 17ನೇ ಸೆಕ್ಷನ್ನಿನಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ನಿಷಿದ್ಧ. (ನಾಗರಬೆತ್ತದವರ ಗಮನಕ್ಕೆ.) ದೂರು ಇದ್ದರೆ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗೆ ಬರೆದು ಕೊಡಬಹುದು, ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಕುಂಬಳೆಯವರಿಗೆ ಒಂದು ಮಾತು: 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಲ್ಪಸಂಖ್ಯಾತ ಆಡಳಿತದ ಶಾಲೆಗಳು ಈ ಕಾಯ್ದೆಯ ಹೊರಗಾದವು. ಟಿ.ಸಿ. ತೆಗೆಯುವ ಮೊದಲು ಎಲ್ಲಿಗೆ ಹೋಗುತ್ತೀರಿ ಅಂತ ನೋಡಿಕೊಳ್ಳಬೇಕು.

ಅಕ್ಕ, ನನ್ನ ಸಲಹೆ: ಈಗಲೇ ದೂರು ಬೇಡ. ಹೆಡ್ಮಾಷ್ಟ್ರಿಗೆ ಒಂದು ಕಾಗದ ಕೊಡಿ. "ನೀವು ಹೇಳಿದ ಪ್ರಕಾರ ಇಂಥ ಮೂರು ದಿನ ಮಗನನ್ನು ಕಳಿಸಲಿಲ್ಲ" ಅಂತ ಒಂದೇ ವಾಕ್ಯ ಸಾಕು.

---

ಒಂದನೇ ಕ್ಲಾಸ್ ಟೀಚರ್
ಜುಲೈ 4, ಸಂಜೆ 5:20

ವಕೀಲರು ಸೆಕ್ಷನ್ ಹೇಳಿದರು. ಇಪ್ಪತ್ತೆಂಟು ಮಕ್ಕಳ ಎದುರು ನಿಂತವರ ಮಾತನ್ನೂ ಕೇಳಿ.

ನಾನು ಬೇರೆ ಶಾಲೆಯವಳು. ಹೋದ ವರ್ಷ ನನ್ನ ಕ್ಲಾಸಿನಲ್ಲೂ ಇಂಥ ಒಬ್ಬ ಇದ್ದ. ಕತ್ತರಿ ತೆಗೆದ. ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡಿದ್ದೆ, ಇನ್ನೊಂದು ಕೈಯಲ್ಲಿ ಅಳುವ ಹುಡುಗಿ. ಉಳಿದವರಲ್ಲಿ ಇಬ್ಬರು ಮೂತ್ರಕ್ಕೆ ಹೋಗಬೇಕು ಅಂತ ನಿಂತಿದ್ದಾರೆ. ನನಗೆ ಸಹಾಯಕ್ಕೆ ಯಾರು? ಹೈಸ್ಕೂಲಿಗೆ ಕೌನ್ಸಿಲರ್ ಬರುತ್ತಾರೆ. ಎಲ್.ಪಿ.ಗೆ ಯಾರೂ ಇಲ್ಲ. ಅವನ ಅಪ್ಪನಿಗೆ ಹೇಳಿದರೆ ರಾತ್ರಿ ಬಡಿಯುತ್ತಾರೆ ಅಂತ ಗೊತ್ತಿದ್ದು ಹೇಳದೆ ಇದ್ದ ದಿನಗಳೂ ಉಂಟು.

ಒಂದು ದಿನ ಅವನು ಬರಲಿಲ್ಲ, ಜ್ವರ. ಆ ದಿನ ನಾನು ಎರಡು ಪಾಠ ಮಾಡಿದೆ. ಮನೆಗೆ ಹೋಗುವಾಗ ನನ್ನ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾಗಿ ಆ ಹೆಡ್ಮಾಷ್ಟ್ರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಮೂರು ದಿನ ಅವರು ಕೇಳಿದ್ದು ಹುಡುಗನಿಗೆ ಅಲ್ಲ, ಟೀಚರಿಗೆ.

---

ಹುಡುಗಿಯ ತಾಯಿ
ಜುಲೈ 4, ರಾತ್ರಿ 8:02

ಈ ಚರ್ಚೆಗೆಂದೇ ಈ ಹೆಸರಿನಲ್ಲಿ ಬಂದದ್ದು. ನನ್ನ ಮಗಳು ಬೇರೆ ಊರಿನ ಶಾಲೆಯಲ್ಲಿ ಇಂಥದ್ದೇ ಹುಡುಗನ ಪಕ್ಕ ಒಂದು ವರ್ಷ ಕೂತವಳು. ಎರಡು ಸಲ ಕಚ್ಚಿದ, ಒಂದು ಸಲ ಕಿವಿಯ ಓಲೆ ಎಳೆದ. ಎಲ್ಲರೂ ಆ ಹುಡುಗನಿಗೆ ಹೀಗೆ ಕಷ್ಟ, ಹಾಗೆ ಕಷ್ಟ ಅಂತ ಹೇಳಿದರು. ನನ್ನ ಮಗಳಿಗೆ ಎಂತ ಆಗಿದೆ ಅಂತ ಒಬ್ಬರೂ ಕೇಳಲಿಲ್ಲ. ಅವಳು ಬೆಳಿಗ್ಗೆ ಹೊಟ್ಟೆನೋವು ಅಂತ ಸುರು ಮಾಡಿದಳು. ಆ ವರ್ಷ ಅವಳ ರಜೆ ಅವನಿಗಿಂತ ಹೆಚ್ಚಾಯಿತು. ಶಾಲೆ ತಪ್ಪಿದ್ದು ಯಾರಿಗೆ ಹೇಳಿ?

ಅಕ್ಕ, ನಿಮ್ಮ ಮೇಲೆ ಕೋಪ ಇಲ್ಲ. ಆ ಹುಡುಗಿಯ ಮನೆಗೆ ಹೋದಿರಾ?

---

ಅಡಿಕೆ ಸೋಗೆ
ಜುಲೈ 4, ರಾತ್ರಿ 11:30

ಹೋಗಿರಲಿಲ್ಲ. ನಾಚಿಕೆ ಆಗಿತ್ತು. ನಿಮ್ಮ ಮಾತು ಓದಿ ಈಗಷ್ಟೇ ಫೋನ್ ಮಾಡಿದೆ. ನಾಳೆ ಮಗನನ್ನು ಕರಕೊಂಡು ಹೋಗುತ್ತೇನೆ.

ಕೆಲವರು ಖಾಸಗಿಯಾಗಿ ಕೇಳಿದ್ದಕ್ಕೆ ಇಲ್ಲಿಯೇ ಹೇಳುತ್ತೇನೆ. ಇವರು ಗಲ್ಫಿನಲ್ಲಿ. ಎರಡು ತಿಂಗಳ ರಜೆ ಮುಗಿಸಿ ಮೇ ಕೊನೆಗೆ ಹೋದರು. ಮನೆಯಲ್ಲಿ ನಾವು ತುಳು ಮಾತಾಡುವುದು. ಹೋದ ವರ್ಷದ ಟೀಚರಿಗೆ ಟ್ರಾನ್ಸ್‌ಫರ್ ಆಯಿತು, ಈಗ ದಿನಗೂಲಿಗೆ ಒಬ್ಬರು ಬಂದಿದ್ದಾರೆ. ದೂರದಿಂದ ಬರುತ್ತಾರೆ, ಪಾಪ, ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿಯಬೇಕಂತೆ. ಮನೆಯಲ್ಲಿ ಇವನು ಹಠ ಮಾಡುತ್ತಾನೆ, ಆದರೆ ಕಚ್ಚುವುದಿಲ್ಲ. ಅಜ್ಜಿಗೆ ಎಲೆಯಡಿಕೆ ಕುಟ್ಟಿ ಕೊಡುತ್ತಾನೆ.

ಮತ್ತೆ ಒಂದು ತಮಾಷೆ. ಇವತ್ತು ಮಳೆಗೆ ಜಿಲ್ಲೆಗೇ ರಜೆ. ನನ್ನ ಮಗನೊಟ್ಟಿಗೆ ಕಲೆಕ್ಟರು ಎಲ್ಲಾ ಮಕ್ಕಳನ್ನೂ ಒಂದು ದಿನ ಸಸ್ಪೆಂಡ್ ಮಾಡಿದರು.

---

ಕನ್ನಡದ ಕಟ್ಟಾಳು
ಜುಲೈ 5, ಬೆಳಿಗ್ಗೆ 7:10

ಇದೇ! ನಾನು ಇದನ್ನೇ ಕಾಯುತ್ತಿದ್ದೆ! ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಟೀಚರನ್ನು ಹಾಕುವುದು, ಮತ್ತೆ ಮಗು ಮಾತು ಕೇಳುವುದಿಲ್ಲ ಅಂತ ಮನೆಗೆ ಕಳಿಸುವುದು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕು ಅನ್ನುತ್ತದೆ. ಅದು ಸೇರಿದ್ದು 1956ರ ಏಳನೇ ತಿದ್ದುಪಡಿಯಲ್ಲಿ. ನಮ್ಮನ್ನು ಕೇರಳಕ್ಕೆ ಸೇರಿಸಿದ್ದೂ 1956ರಲ್ಲಿ, ನವೆಂಬರ್ 1ಕ್ಕೆ. ಒಂದೇ ಕೈಯಲ್ಲಿ ಕೊಟ್ಟು ಕಿತ್ತುಕೊಂಡರು. ನಾಳೆಯೇ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿ ಎದುರು ಕೂರುವ!

---

ವೇದಿಕೆ ನೋಡಿಕೊಳ್ಳುವವರು
ಜುಲೈ 5, ಬೆಳಿಗ್ಗೆ 7:45

ಕಟ್ಟಾಳುಗಳೇ, ಸ್ವಲ್ಪ ನಿಲ್ಲಿ. ಅವರು ಟೀಚರಿಗೆ ಕನ್ನಡ ಬರುವುದಿಲ್ಲ ಅಂತ ಎಲ್ಲಿಯೂ ಹೇಳಲಿಲ್ಲ. ಧರಣಿಯ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಮಗುವಿನ ವಿಷಯ ನಡೆಯಲಿ.

---

ಬಿ.ಆರ್.ಸಿ.ಯವಳು
ಜುಲೈ 5, ಮಧ್ಯಾಹ್ನ 1:15

ನಾನು ಬಿ.ಆರ್.ಸಿ.ಯ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ, ಸ್ಪೆಷಲ್ ಎಜುಕೇಟರ್, ವಿಶೇಷ ಅಗತ್ಯದ ಮಕ್ಕಳ ಟೀಚರು. ವಾರಕ್ಕೆ ಎಷ್ಟೋ ಶಾಲೆ ಸುತ್ತುತ್ತೇನೆ, ಹಾಗಾಗಿ ತಡವಾಗಿ ನೋಡಿದೆ.

ಅಕ್ಕ ಬರೆದದ್ದರಲ್ಲಿ ನನಗೆ ಎದ್ದು ಕಂಡದ್ದು ಒಂದೇ ಸಾಲು: ಮಗ ದಾರಿಯುದ್ದಕ್ಕೂ ಪದ್ಯ ಹೇಳಿಕೊಂಡು ಬಂದ. ಅವನಿಗೆ ಬೇಕಾಗಿದ್ದದ್ದು ಸಿಕ್ಕಿತು! ಶಾಲೆಯಲ್ಲಿ ಯಾವುದೋ ಒಂದು ಅವನಿಂದ ತಡೆಯಲಿಕ್ಕಾಗುವುದಿಲ್ಲ. ಬಾಟಲಿ ಎಸೆದ, ಅಮ್ಮ ಬಂದರು, ಅದು ನಿಂತಿತು. ನಾಳೆಯೂ ಅದನ್ನೇ ಮಾಡುತ್ತಾನೆ. ಬುದ್ಧಿ ಇಲ್ಲದೆ ಅಲ್ಲ, ಬುದ್ಧಿ ಇರುವುದರಿಂದ. ಮನೆಗೆ ಕಳಿಸುವುದನ್ನು ನಾವು ಶಿಕ್ಷೆ ಅಂದುಕೊಂಡಿದ್ದೇವೆ. ಅವನ ಲೆಕ್ಕದಲ್ಲಿ ಅದು ಬಹುಮಾನ. ಸಂಬಳ ಕಳಕೊಂಡು ಶಿಕ್ಷೆ ಅನುಭವಿಸುವುದು ಅಮ್ಮ.

"ಹೈಪರ್" ಅಂತ ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತೇನೆ. ಎ.ಡಿ.ಎಚ್.ಡಿ. (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ವೈದ್ಯರು ಹೇಳಬೇಕಾದರೆ ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಮನೆಯಲ್ಲಿ ಇಲ್ಲ, ಅಂಗಡಿಯಲ್ಲಿ ಇಲ್ಲ, ಶಾಲೆಯಲ್ಲಿ ಮಾತ್ರ, ಅದೂ ಜೂನ್‌ನಿಂದ ಅಂತಾದರೆ ಮೊದಲು ಶಾಲೆಯ ಆ ಗಳಿಗೆಯನ್ನು ನೋಡಬೇಕು. ಕಣ್ಣು, ಕಿವಿ ಒಮ್ಮೆ ತೋರಿಸಿ, ಅದು ಹೇಗೂ ಒಳ್ಳೆಯದು. ಇನ್ನೊಂದು ಬೇಸರದ ಮಾತು: ನಮ್ಮ ಈ ಗೇರುತೋಟದ ಊರುಗಳಲ್ಲಿ ಮಗು ಸ್ವಲ್ಪ ಹೆಚ್ಚು ಕಡಿಮೆ ಆದರೆ ಸಾಕು, "ಎಂಡೋ" (ಗೇರುತೋಟಕ್ಕೆ ಸಿಂಪಡಿಸಿದ್ದ ಎಂಡೋಸಲ್ಫಾನ್ ವಿಷದ ಪೀಡಿತ) ಅಂತ ಹೆಸರಿಟ್ಟು ಬಿಡುತ್ತಾರೆ. ನಿಜವಾಗಿ ಆ ವಿಷದಿಂದ ನೊಂದ ಮನೆಗಳಿಗೂ ಅದು ಅವಮಾನ, ಈ ಮಗುವಿಗೂ ಅನ್ಯಾಯ.

ಒಂದು ಎಕ್ಸರ್ಸೈಜ್ ಪುಸ್ತಕ ತೆಗೆದು ಗೆರೆ ಹಾಕಿ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಪಕ್ಕದಲ್ಲಿ ಯಾರು, ಅದಕ್ಕೆ ಐದು ನಿಮಿಷ ಮೊದಲು ಎಂತ ಆಗುತ್ತಿತ್ತು, ಆಮೇಲೆ ಯಾರು ಎಂತ ಮಾಡಿದರು. "ಸಿಟ್ಟಿನಿಂದ", "ಸುಮ್ಮಸುಮ್ಮನೆ" ಅಂತ ಬರೆಯಬಾರದು, ಕಣ್ಣಿಗೆ ಕಂಡದ್ದು ಮಾತ್ರ. ಟೀಚರೇ ಬರೆಯಬೇಕು, ದಿನಕ್ಕೆ ಎರಡು ಸಾಲು. ಎರಡು ವಾರ ಸಾಕು.

---

ನಾಗರಬೆತ್ತ
ಜುಲೈ 5, ಮಧ್ಯಾಹ್ನ 2:00

ಕಚ್ಚಿದವನಿಗೆ ಡೈರಿ. ಭಾರೀ ಲಾಯ್ಕಾಯಿತು.

---

ಮಂಜೇಶ್ವರದಿಂದ ಹೋದವ (ಕ್ಯಾಲಿಫೋರ್ನಿಯ)
ಜುಲೈ 6, ಬೆಳಿಗ್ಗೆ 9:30

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಇಲ್ಲಿ ಬಾಯಿಮಾತು ಇಲ್ಲ, ಎಲ್ಲದಕ್ಕೂ ಫಾರಂ. ಅದರಿಂದ ಒಂದು ಉಪಕಾರ ಆಗಿದೆ, ಲೆಕ್ಕ ಸಿಗುತ್ತದೆ.

2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ ಎಂಬವರು ಲೆಕ್ಕ ಹಾಕಿದರು. ಸರಕಾರದ ದುಡ್ಡಿನಲ್ಲಿ ನಡೆಯುವ ಶಿಶುವಿಹಾರಗಳಿಂದ ಸಾವಿರಕ್ಕೆ ಸುಮಾರು ಏಳು ಮಕ್ಕಳನ್ನು ಹೊರಹಾಕುತ್ತಿದ್ದರು. ದೊಡ್ಡ ಶಾಲೆಗಳಲ್ಲಿ ಹೊರಹಾಕುವುದಕ್ಕಿಂತ ಮೂರು ಪಟ್ಟು! ಮೂರು ನಾಲ್ಕು ವರ್ಷದ ಮಕ್ಕಳು, ಮಾರಾಯ್ರೆ. ಕರೆದಾಗ ಬಂದು ಕ್ಲಾಸು ನೋಡಿ ಸಲಹೆ ಕೊಡುವ ಮನೋತಜ್ಞರು ಇದ್ದ ಟೀಚರುಗಳು ಕಡಿಮೆ ಹೊರಹಾಕುತ್ತಿದ್ದರು ಎಂಬುದೂ ಅದರಲ್ಲೇ ಕಂಡದ್ದು. ಒಂದನೇ ಕ್ಲಾಸ್ ಟೀಚರ್ "ನನಗೆ ಸಹಾಯಕ್ಕೆ ಯಾರು" ಅಂದದ್ದು ಓದಿ ಅದು ನೆನಪಾಯಿತು.

2014ರಲ್ಲಿ ಇಲ್ಲಿಯ ಕೇಂದ್ರ ಸರಕಾರ ಇನ್ನೊಂದು ಲೆಕ್ಕ ಹೊರಗೆ ಬಿಟ್ಟಿತು. ಶಿಶುವಿಹಾರದ ಮಕ್ಕಳಲ್ಲಿ ಕಪ್ಪು ಮಕ್ಕಳು ನೂರಕ್ಕೆ 18. ಒಂದಕ್ಕಿಂತ ಹೆಚ್ಚು ಸಲ ಸಸ್ಪೆಂಡ್ ಆದವರಲ್ಲಿ ನೂರಕ್ಕೆ 48. ಒಂದೇ ಲೂಟಿಗೆ ಒಬ್ಬನದ್ದು ಮಕ್ಕಳಾಟ ಆಗುತ್ತದೆ, ಇನ್ನೊಬ್ಬನದ್ದು ಅಪರಾಧ. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಕಾನೂನು ಬಂತು: ಮೂರನೇ ಕ್ಲಾಸಿನ ತನಕ "ಮಾತು ಕೇಳುವುದಿಲ್ಲ, ಎದುರಾಡುತ್ತಾನೆ" ಎಂಬ ಕಾರಣಕ್ಕೆ ಸಸ್ಪೆಂಡ್ ಮಾಡುವಂತಿಲ್ಲ. ಆಮೇಲೆ ಮೇಲಿನ ಕ್ಲಾಸುಗಳಿಗೂ ಹಬ್ಬಿಸಿದರು. ಹೊಡೆದಾಟಕ್ಕೆ ಬೇರೆ ನಿಯಮ.

ಇದನ್ನು ಹಾಗೆಯೇ ಪೆರ್ಲಕ್ಕೆ ತಂದು ನೆಡಲಿಕ್ಕೆ ಆಗುವುದಿಲ್ಲ, ಗೊತ್ತುಂಟು. ಇಲ್ಲಿಯೂ ನನ್ನ ಹೆಂಡತಿಗೆ ಶಾಲೆಯಿಂದ ಫೋನ್ ಬರುತ್ತದೆ, "ಇವತ್ತು ಬೇಗ ಕರಕೊಂಡು ಹೋಗಬಹುದಾ?" ಅಂತ. ಫಾರಂ ಇಲ್ಲದ ಸಸ್ಪೆನ್ಷನ್ ಇಲ್ಲಿಯೂ ಉಂಟು ಅಂತಾಯಿತು.

---

ಒಂದನೇ ಕ್ಲಾಸ್ ಟೀಚರ್
ಜುಲೈ 6, ರಾತ್ರಿ 9:12

ಒಂದೇ ಲೂಟಿಗೆ ಎರಡು ಹೆಸರು ಅಂದಿರಲ್ಲ, ಅದು ನಮ್ಮಲ್ಲೂ ಉಂಟು, ನಾನೇ ಮಾಡಿದ್ದೇನೆ. ಪಿ.ಟಿ.ಎ. ಅಧ್ಯಕ್ಷರ ಮೊಮ್ಮಗ ಬೆಂಚಿನ ಮೇಲೆ ಓಡಿದರೆ "ಚುರುಕು". ಕಾಲನಿಯ ಹುಡುಗ ಓಡಿದರೆ "ಮನೆಯಲ್ಲಿ ಹೇಳುವವರಿಲ್ಲ". ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆದೆ.

---

ಅಡಿಕೆ ಸೋಗೆ
ಜುಲೈ 22, ರಾತ್ರಿ 10:15

ಇಷ್ಟು ದಿನ ಬರಲಿಲ್ಲ, ಕ್ಷಮಿಸಿ. ಹೇಳಲಿಕ್ಕೆ ತುಂಬಾ ಉಂಟು.

ಮೊದಲು ಹುಡುಗಿಯ ಮನೆಗೆ ಹೋದದ್ದು. ಅವಳ ಅಮ್ಮ ಬಾಗಿಲಲ್ಲಿ ನಿಂತು ಐದು ನಿಮಿಷ ಒಳಗೆ ಕರೆಯಲಿಲ್ಲ. ಆಮೇಲೆ ಕರೆದರು. ಮಗನಿಗೆ ತಪ್ಪಾಯಿತು ಅಂತ ಹೇಳು ಅಂದರೆ ಬಾಯಿ ಬಿಡಲಿಲ್ಲ. ಆ ಹುಡುಗಿ ಇವನಿಗೆ ಹಲಸಿನ ಹಪ್ಪಳ ಕೊಟ್ಟಳು. ತಿಂದ. ಬರುವಾಗ ತನ್ನ ಗೋಲಿ ಒಂದನ್ನು ಅಲ್ಲಿ ಬಿಟ್ಟು ಬಂದಿದ್ದಾನೆ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು.

ಕಿವಿ, ಕಣ್ಣು ಎರಡೂ ಸರಿ ಉಂಟು.

ಪುಸ್ತಕದ ವಿಷಯ ಹೇಳಿದಾಗ ಹೆಡ್ಮಾಷ್ಟ್ರು ಮುಖ ಸಿಂಡರಿಸಿದರು. ಟೀಚರು ಒಪ್ಪಿದರು. ಎರಡು ವಾರದಲ್ಲಿ ಏಳು ಸಲ. ಏಳರಲ್ಲಿ ಆರು ಮಧ್ಯಾಹ್ನ ಒಂದು ಇಪ್ಪತ್ತರಿಂದ ಎರಡು ಗಂಟೆಯ ಒಳಗೆ! ಬೆಳಿಗ್ಗೆ ಒಂದೇ ಒಂದು, ಅದೂ ಯಾರೋ ಇವನ ಕೊಡೆ ತೆಗೆದದ್ದಕ್ಕೆ.

ಆ ಹೊತ್ತಿಗೆ ಎಂತ ಅಂತ ನೋಡಲಿಕ್ಕೆ ಒಂದು ದಿನ ಅರ್ಧ ರಜೆ ಹಾಕಿ ಹೋಗಿ ಜಗಲಿಯಲ್ಲಿ ನಿಂತೆ. ಒಂದನೇ ಕ್ಲಾಸು ಹೆಡ್ಮಾಷ್ಟ್ರದ್ದೇ. ಊಟ ಆದ ಮೇಲೆ ಅವರು ಅಕ್ಕಿ, ತರಕಾರಿ, ಹಾಲು, ಮೊಟ್ಟೆಯ ಲೆಕ್ಕಕ್ಕೆ ಕೂರಬೇಕು. ಆಗ ಒಂದು ಮತ್ತು ಎರಡನೇ ಕ್ಲಾಸನ್ನು ಶಾಲೆಯ ಹಾಲ್‌ನಲ್ಲಿ ಒಟ್ಟಿಗೆ ಕೂರಿಸುತ್ತಾರೆ. ತಗಡಿನ ಮಾಡು. ಮಳೆ ಬಂದರೆ ನಾನು ಮಾತಾಡಿದ್ದು ನನಗೇ ಕೇಳಲಿಲ್ಲ. ಮಕ್ಕಳು ಬೊಬ್ಬೆ ಹೊಡೆಯುತ್ತಾರೆ, ಟೀಚರು ಅದಕ್ಕಿಂತ ದೊಡ್ಡದಾಗಿ ಬೊಬ್ಬೆ ಹೊಡೆಯುತ್ತಾರೆ. ಇವನು ಎರಡೂ ಕಿವಿಗೆ ಕೈ ಇಟ್ಟು ಗೋಡೆಯ ಹತ್ತಿರ ನಿಂತಿದ್ದ.

ಟೀಚರಿಗೆ ಕನ್ನಡ ಓದಲಿಕ್ಕೆ ಬರೆಯಲಿಕ್ಕೆ ಬರುತ್ತದೆ. ಅವಸರ ಆದಾಗ ಮಾತ್ರ ಬಾಯಿಗೆ ಅವರ ಮಲಯಾಳವೇ ಬರುವುದು. ದೂರದಿಂದ "ಇರಿ, ಇರಿಕ್ಕ್" ಅಂತ ಹೇಳುತ್ತಿದ್ದರು. ಕೂತುಕೋ ಅಂತ ಅದರ ಅರ್ಥ. ಇವನಿಗೆ ಕೇಳಿದ್ದು "ಇರಿ". ಹಾಗೇ ಇದ್ದ, ಅಲ್ಲಾಡಲಿಲ್ಲ. ಅವರು ಮತ್ತೆ ಹೇಳಿದರು, ಇವನು ಮತ್ತೂ ಗಟ್ಟಿಯಾಗಿ ನಿಂತ. ನಾಲ್ಕನೇ ಸಲ ಅವರು ಬಂದು ತೋಳು ಹಿಡಿದರು, ಇವನು ಕೊಡವಿಕೊಂಡ. ಹೊರಗಿನಿಂದ ನೋಡಿದರೆ ಹುಡುಗ ಮಾತು ಕೇಳುವುದಿಲ್ಲ ಅಂತಲೇ ಕಾಣುವುದು. ಹೇಳಿದ ಹಾಗೆಯೇ ಮಾಡುತ್ತಿದ್ದ!

ಜಗಲಿಯಲ್ಲಿ ನನಗೆ ನಗು ಬಂತು, ಆಮೇಲೆ ಅಳು ಬಂತು.

---

ಕನ್ನಡದ ಕಟ್ಟಾಳು
ಜುಲೈ 22, ರಾತ್ರಿ 10:31

ನಾನು ಹೇಳಿದೆನಾ ಇಲ್ಲವಾ?

---

ನಿವೃತ್ತ ಮಾಷ್ಟ್ರು
ಜುಲೈ 23, ಬೆಳಿಗ್ಗೆ 8:05

ಹೇಳಿದಿರಿ, ಕಾಲು ಭಾಗ ಹೇಳಿದಿರಿ. ಕೊಡೆ ತೆಗೆದವನಿಗೆ ಇವನು ಹೊಡೆದದ್ದು ಶುದ್ಧ ಕನ್ನಡದಲ್ಲೇ. ತಗಡಿನ ಮಾಡಿಗೆ ಯಾವ ಭಾಷೆ? ಎರಡು ಕ್ಲಾಸು ಒಟ್ಟಿಗೆ ಕೂರಿಸಿದ್ದು ಮೊಟ್ಟೆಯ ಲೆಕ್ಕಕ್ಕೆ. ಮಕ್ಕಳಿಗೆ ಊಟ ಬೇಡ ಅಂತ ನಾನು ಹೇಳುವವನಲ್ಲ. ನಾನು ನೋಡಿದ ಎಷ್ಟೋ ಮಕ್ಕಳಿಗೆ ದಿನದ ಗಟ್ಟಿ ಊಟ ಅದೊಂದೇ. ಆದರೆ ಎಲ್.ಪಿ. ಹೆಡ್ಮಾಷ್ಟ್ರು ಕ್ಲಾಸೂ ತೆಗೆದುಕೊಳ್ಳಬೇಕು, ಸೌತೆಕಾಯಿಯ ಬಿಲ್ಲೂ ಬರೆಯಬೇಕು ಅಂದರೆ ಎರಡರಲ್ಲಿ ಒಂದು ಹಾಳಾಗುತ್ತದೆ. ಬಿಲ್ಲು ಹಾಳಾದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಕ್ಲಾಸು ಹಾಳಾದರೆ ಯಾರೂ ಕೇಳುವುದಿಲ್ಲ.

---

ಹುಡುಗಿಯ ತಾಯಿ
ಜುಲೈ 23, ಬೆಳಿಗ್ಗೆ 10:20

ಹೋದದ್ದಕ್ಕೆ ಉಪಕಾರ ಅಕ್ಕ. ನನ್ನ ಮಗಳನ್ನು ನೋಡಲಿಕ್ಕೆ ಯಾರೂ ಬರಲಿಲ್ಲ.

---

ಬಿ.ಆರ್.ಸಿ.ಯವಳು
ಜುಲೈ 23, ಸಂಜೆ 6:40

ಟೀಚರಿಗೆ ನನ್ನ ನಮಸ್ಕಾರ ಹೇಳಿ. ಬರೆದು ಕೊಟ್ಟರಲ್ಲ, ಅದು ಸಣ್ಣ ವಿಷಯ ಅಲ್ಲ. ತನ್ನ ಕ್ಲಾಸಿನ ಗಲಾಟೆಯನ್ನು ತಾನೇ ಕಾಗದಕ್ಕೆ ಇಳಿಸಲಿಕ್ಕೆ ದಿನಗೂಲಿಯ ಟೀಚರಿಗೆ ಎಷ್ಟು ಹೆದರಿಕೆ ಇರುತ್ತದೆ ಅಂತ ನನಗೆ ಗೊತ್ತುಂಟು.

ಈಗ ಮಾಡಬೇಕಾದ್ದು ಕಷ್ಟದ್ದಲ್ಲ. ಒಂದು ಇಪ್ಪತ್ತಕ್ಕೆ ಅವನಿಗೆ ಒಂದು ಕೆಲಸ ಕೊಡಲಿ, ಚಾಪೆ ಮಡಿಸುವುದೋ ತಟ್ಟೆ ಎಣಿಸುವುದೋ, ಸದ್ದು ಕಡಿಮೆ ಇರುವ ಕಡೆ. ಹೇಳುವಾಗ ಹತ್ತಿರ ಹೋಗಿ, ಕೈಸನ್ನೆ ತೋರಿಸಿ ಹೇಳಲಿ. ಅವನು ಶಾಂತವಾಗಿ ಇದ್ದಾಗಲೇ ಹೊರಗೆ ಬಿಡಬೇಕು, ಕಚ್ಚಿದ ಮೇಲೆ ಅಲ್ಲ. ಕಚ್ಚಿದ ಮೇಲೆ ಬಿಟ್ಟರೆ ಕಚ್ಚುವುದೇ ಹೊರಗೆ ಹೋಗುವ ಚೀಟಿ ಆಗುತ್ತದೆ. ಪೂರಾ ನಿಲ್ಲುತ್ತದೆ ಅಂತ ಆಸೆ ಇಡಬೇಡಿ. ಏಳು ಇದ್ದದ್ದು ಎರಡಾದರೆ ನಾನು ಪಾಯಸ ಮಾಡುತ್ತೇನೆ.

---

ನಾಗರಬೆತ್ತ
ಜುಲೈ 23, ರಾತ್ರಿ 9:00

ನನ್ನ ಮೊಮ್ಮಗ ಎರಡನೇ ಕ್ಲಾಸು. ಅವನೂ ಗದ್ದಲ ಆದರೆ ಕಿವಿ ಮುಚ್ಚುತ್ತಾನೆ. ನಾನು ನಾಟಕ ಅಂದುಕೊಂಡಿದ್ದೆ. ಆ ಪುಸ್ತಕಕ್ಕೆ ಗೆರೆ ಹೇಗೆ ಹಾಕುವುದು ಅಂತ ಮತ್ತೊಮ್ಮೆ ಹೇಳಿ.

---

ಅಡಿಕೆ ಸೋಗೆ
ಆಗಸ್ಟ್ 6, ರಾತ್ರಿ 9:50

ಎರಡು ವಾರದಲ್ಲಿ ಮೂರು ಸಲ. ಪಾಯಸಕ್ಕೆ ಒಂದು ಹೆಚ್ಚಾಯಿತು. ಒಂದು ಸಲ ಕಚ್ಚಿದ್ದೂ ಉಂಟು. ಊಟದ ನಂತರ ಅಡುಗೆಯ ಅಕ್ಕನೊಟ್ಟಿಗೆ ತಟ್ಟೆ ಎಣಿಸುವ ಕೆಲಸ ಕೊಟ್ಟಿದ್ದಾರೆ. ಮೂವತ್ತೊಂಬತ್ತರ ಮೇಲೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಎಣಿಸುತ್ತಾನೆ. ಟೀಚರು ನನ್ನಿಂದ "ಕುಳ್ಳು" ಅಂತ ತುಳುವಿನಲ್ಲಿ ಹೇಳಲಿಕ್ಕೆ ಕಲಿತರು. ಅವರು ಹೇಳುವ ರಾಗಕ್ಕೆ ಮಕ್ಕಳೆಲ್ಲ ನಗುತ್ತಾ ಕೂರುತ್ತಾರಂತೆ.

ವಕೀಲರು ಹೇಳಿದ ಕಾಗದ ಆಗ ಕೊಟ್ಟಿರಲಿಲ್ಲ, ಇವತ್ತು ತೆಗೆದುಕೊಂಡು ಹೋದೆ. ಹೆಡ್ಮಾಷ್ಟ್ರು ಓದಿ, "ಇದರ ಅಗತ್ಯವೇ ಇಲ್ಲ ಅಮ್ಮ" ಅಂತ ಹಾಜರಿ ಪುಸ್ತಕ ತಿರುಗಿಸಿ ತೋರಿಸಿದರು. ಮಳೆಯ ರಜೆ ಬಿಟ್ಟು ಉಳಿದ ಎರಡು ದಿನವೂ ಮಗ ಹಾಜರು. "ನಿಮ್ಮ ಮಗನಿಗೆ ತೊಂದರೆ ಆಗಬಾರದು ಅಂತ ನಾನೇ ಹಾಕಿದೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಂತ ಹೇಳಬೇಕು ಅಂತ ತೋಚದೆ ಕಾಗದ ಅಲ್ಲೇ ಮೇಜಿನ ಮೇಲೆ ಇಟ್ಟು ಬಂದೆ.

---

ಹೊಸಂಗಡಿಯ ವಕೀಲ
ಆಗಸ್ಟ್ 6, ರಾತ್ರಿ 10:04

ಕಾಗದದ ನಕಲು ಇಟ್ಟುಕೊಂಡಿದ್ದೀರಾ? ಜೆರಾಕ್ಸ್ ಅಂಗಡಿಯವರಿಗೆ ಇದನ್ನು ಕೇಳಬೇಕಾಗಿ ಬಂತು ನೋಡಿ.

---

ನಿವೃತ್ತ ಮಾಷ್ಟ್ರು
ಆಗಸ್ಟ್ 6, ರಾತ್ರಿ 10:20

ತಂಗಿ, ಆ ಎರಡು ದಿನದಲ್ಲಿ ಮೊಟ್ಟೆ ಕೊಡುವ ದಿನ ಇತ್ತಾ?

---

ಅಡಿಕೆ ಸೋಗೆ
ಆಗಸ್ಟ್ 6, ರಾತ್ರಿ 10:26

ಇತ್ತು ಮಾಷ್ಟ್ರೇ. ಮಗನಿಗೆ ಹೇಳಲಿಲ್ಲ. ಹೇಳಿದರೆ ನಾಳೆ ಹೋಗಿ ಹೆಡ್ಮಾಷ್ಟ್ರಿಗೇ ಕಚ್ಚಿಯಾನು.